ಕನ್ನಂಬಾಡವ್ವನ ಹೆಸರೇನು?

ಮಂಡ್ಯ ಜಿಲ್ಲೆಯ ಮಾನ್ಯ ಜಿಲ್ಲಾಧಿಕಾರಿಗಳಿಗೆ, ಕಂದಾಯ ಇಲಾಖೆಯವರಿಗೆ, ಮತ್ತು ಕೃಷ್ಣರಾಜಸಾಗರದ ಹಿನ್ನೀರಿಗೆ ಊರು ಬಿಟ್ಟುಕೊಟ್ಟು ಬೇರೆ ಕಡೆ ನೆಲೆ ನಿಂತ ಎಲ್ಲ ಮನೆಯವರಿಗೆ,

ನಮಸ್ಕಾರ.

ಮೊದಲು ಒಂದು ತಪ್ಪು ಒಪ್ಪಿಕೊಳ್ಳಬೇಕು. ಸರ್ಕಾರದ ಮೊಹರು ಬಿದ್ದಿರುವ ನಮ್ಮ ಮನೆಯ ವಂಶವೃಕ್ಷದಲ್ಲಿ ಒಂದು ಹೆಸರು ಸುಳ್ಳು. ಆ ಸುಳ್ಳನ್ನು ಬರೆಸಿದವರು ನಾವೇ.

ಅಪ್ಪ ತೀರಿಕೊಂಡು ವರ್ಷ ತುಂಬಿದ ಮೇಲೆ ಅಣ್ಣ ಪೌತಿ ಖಾತೆಗೆ, ಅಂದರೆ ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದಕ್ಕೆ, ಓಡಾಡಲು ಶುರು ಮಾಡಿದ. ನೋಡಿದರೆ ಪಹಣಿ ಅಪ್ಪನ ಹೆಸರಿನಲ್ಲೂ ಇಲ್ಲ, ತಾತನ ಹೆಸರಿನಲ್ಲೂ ಇಲ್ಲ. ಮುತ್ತಾತನ ಹೆಸರಿನಲ್ಲೇ ಕೂತಿತ್ತು. ಕಂದಾಯ ಕಟ್ಟಿದ್ದಾರೆ, ಕಬ್ಬು ಬೆಳೆದು ಫ್ಯಾಕ್ಟರಿಗೆ ಹಾಕಿದ್ದಾರೆ, ಖಾತೆ ಬದಲಾಯಿಸಬೇಕು ಅಂತ ಮಾತ್ರ ಯಾರಿಗೂ ಅನ್ನಿಸಿಲ್ಲ. ನಮ್ಮ ಕಡೆ ಇದೇನು ಹೊಸದಲ್ಲ ಬಿಡಿ. ಹಾಗಾಗಿ ವಂಶವೃಕ್ಷ ಮುತ್ತಾತನಿಂದ ಶುರುವಾಗಬೇಕಿತ್ತು. ಮುತ್ತಾತ, ಅವರ ಹೆಂಡತಿ, ಮಕ್ಕಳು, ಮೊಮ್ಮಕ್ಕಳು. ಇರುವವರು, ಹೋದವರು, ಎಲ್ಲರೂ ಬೇಕು.

ಗ್ರಾಮ ಆಡಳಿತಾಧಿಕಾರಿಯನ್ನು ನಮ್ಮೂರಲ್ಲಿ ಈಗಲೂ ಶಾನುಭೋಗರು ಅಂತಲೇ ಕರೆಯುತ್ತಾರೆ. ಅವರು ಒಂದು ಬಿಳಿ ಹಾಳೆ ತೆಗೆದು ಪೆನ್ಸಿಲಿನಲ್ಲಿ ಒಂದು ಚೌಕ ಹಾಕಿದರು. ಮುತ್ತಾತನ ಹೆಸರು ಬಂತು. ಪಕ್ಕದಲ್ಲಿ ಇನ್ನೊಂದು ಚೌಕ ಹಾಕಿ "ಅವರ ಮನೆಯವರ ಹೆಸರು?" ಅಂದರು.

ಅಣ್ಣ ನನ್ನ ಮುಖ ನೋಡಿದ. ನಾನು ಚಿಕ್ಕಪ್ಪನ ಮುಖ ನೋಡಿದೆ. ಚಿಕ್ಕಪ್ಪ "ಕನ್ನಂಬಾಡವ್ವ" ಅಂದರು.

"ಅದು ಊರ ಹೆಸರಾಯ್ತು ಯಜಮಾನ್ರೆ. ಅವರ ಹೆಸರು ಹೇಳಿ."

"ನಾವೆಲ್ಲ ಹಂಗೇ ಅಂತಿದ್ದಿದ್ದು ಕಣಪ್ಪ. ಬ್ಯಾರೆ ಹೆಸ್ರು ಗೊತ್ತಿಲ್ಲ."

ಪಾಪ, ಆ ಅಧಿಕಾರಿ ಒಳ್ಳೆಯವರು. ಬಾಗಿಲಲ್ಲಿ ಇನ್ನೂ ಹತ್ತು ಹದಿನೈದು ಜನ ಕಾಯುತ್ತಿದ್ದರು. "ಹೋಗಿ ಅರವತ್ತು ವರ್ಷದ ಮೇಲಾಯ್ತು ಅಂತೀರಿ. ಏನಾದರೂ ಒಂದು ಬರೆಸಿ. ಖಾಲಿ ಬಿಟ್ಟರೆ ಅರ್ಜಿ ವಾಪಸ್ ಬರುತ್ತೆ" ಅಂದರು. ಅಣ್ಣ ತಡ ಮಾಡಲಿಲ್ಲ. "ಲಕ್ಷ್ಮಮ್ಮ ಅಂತ ಬರ್ಕೊಳಿ" ಅಂದ. ಮಂಡ್ಯ ಜಿಲ್ಲೆಯಲ್ಲಿ ಕಣ್ಣು ಮುಚ್ಚಿಕೊಂಡು ಕಲ್ಲು ಬೀರಿದರೂ ಯಾರಾದರೊಬ್ಬ ಲಕ್ಷ್ಮಮ್ಮನಿಗೆ ತಾಗುತ್ತೆ. ಆಮೇಲೆ ಛಾಪಾ ಕಾಗದ, ನೋಟರಿ, ಮಹಜರು, ಅಕ್ಕಪಕ್ಕದ ಮನೆಯವರ ರುಜು. ಎಲ್ಲ ಮುಗಿದ ಮೇಲೆ ಯಾರೋ ಒಬ್ಬ ಲಕ್ಷ್ಮಮ್ಮ ನಮ್ಮ ಮುತ್ತಜ್ಜಿಯಾಗಿ ಕಂಪ್ಯೂಟರಿನಿಂದ ಹೊರಗೆ ಬಂದರು.

ಇದು ಯಾವ ಹೋಬಳಿ, ಯಾವ ಕಚೇರಿ ಅಂತ ನಾನು ಬೇಕೆಂದೇ ಬರೆಯುತ್ತಿಲ್ಲ. ಅಲ್ಲಿದ್ದವರ ಮೇಲೆ ದೂರು ಹೇಳುವುದಕ್ಕೆ ಈ ಪತ್ರ ಅಲ್ಲ. ಕಾಗದ ಕೈಗೆ ಬಂದ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮ ಮೊಮ್ಮಕ್ಕಳು ನಾಳೆ ವಂಶ ಹುಡುಕಲು ಹೊರಟರೆ ಮೊದಲು ಸಿಗುವುದು ಇದೇ ಕಾಗದ. ಮೊಹರು ಇದೆ, ಸಹಿ ಇದೆ, ನಂಬರ್ ಇದೆ. ನಂಬದೆ ಏನು ಮಾಡುತ್ತಾರೆ?

ಸೊಸೆಯಾಗಿ ಬಂದವಳನ್ನು ತವರೂರಿನ ಹೆಸರಿನಿಂದ ಕರೆಯುವುದು ನಮ್ಮ ಕಡೆಯ ರೂಢಿ. ಹಿರೋಡವ್ವ, ಬನ್ನೂರವ್ವ, ಮೇಲುಕೋಟೆಯವ್ವ. ಒಂದೊಂದು ಬೀದಿಯಲ್ಲಿ ನಿಂತು ಕೂಗಿದರೆ ಅರ್ಧ ಜಿಲ್ಲೆಯ ನಕ್ಷೆ ಎದ್ದು ಬರುತ್ತಿತ್ತು. ಗಂಡನ ಹೆಸರನ್ನು ಹೆಂಡತಿ ಹೇಳಬಾರದು ಅನ್ನುವುದು ಎಲ್ಲರಿಗೂ ಗೊತ್ತು. ಹೆಂಡತಿಯ ಹೆಸರೂ ಹೀಗೆ ಸದ್ದಿಲ್ಲದೆ ಅಳಿಸಿಹೋಗುತ್ತಿತ್ತು ಅನ್ನುವುದನ್ನು ನಾವು ಯಾರೂ ಲೆಕ್ಕಕ್ಕೆ ಇಟ್ಟಿಲ್ಲ. ಆದರೂ ಬೇರೆ ಅವ್ವಂದಿರ ವಿಷಯದಲ್ಲಿ ಒಂದು ದಾರಿ ಉಂಟು. ಬನ್ನೂರಿಗೆ ಹೋಗಿ ವಿಚಾರಿಸಬಹುದು. ನಮ್ಮ ಮುತ್ತಜ್ಜಿಯ ವಿಷಯದಲ್ಲಿ ಹೆಸರಿನ ಜೊತೆಗೆ ಊರೂ ಹೋಗಿದೆ.

ಕನ್ನಂಬಾಡಿ ಕಟ್ಟೆಯ, ಅಂದರೆ ಕೃಷ್ಣರಾಜಸಾಗರ ಅಣೆಕಟ್ಟಿನ, ಕೆಲಸ ಶುರುವಾಗಿದ್ದು 1911ರಲ್ಲಿ. ಮುಗಿಯುವ ಹೊತ್ತಿಗೆ 1931 ಆಗಿತ್ತು. ಆ ಇಪ್ಪತ್ತು ವರ್ಷದೊಳಗೆ ಹಳೇ ಕನ್ನಂಬಾಡಿಯೂ ಸುತ್ತಿನ ಊರುಗಳೂ ಖಾಲಿಯಾದವು. ಆ ನೀರಿನಿಂದಲೇ ನಾಲೆ ಬಂತು, ಮಂಡ್ಯದಲ್ಲಿ ಕಬ್ಬು ಬಂತು, 1933ರಲ್ಲಿ ಸಕ್ಕರೆ ಕಾರ್ಖಾನೆ ಬಂತು, ನಾವೆಲ್ಲ ಓದಿ ಮೈಸೂರು ಸೇರಿದೆವು. ಕಟ್ಟೆ ಕಟ್ಟಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ, ಅದರ ಅನ್ನ ತಿಂದವಳು ನಾನು. ಮಳೆ ಕೈಕೊಟ್ಟ ವರ್ಷ ನೀರು ಇಳಿದಾಗ ಹಳೇ ಊರಿನ ವೇಣುಗೋಪಾಲಸ್ವಾಮಿ ದೇವಸ್ಥಾನ ಕಾಣುತ್ತಿತ್ತು. ಜನ ಗುಂಪು ಗುಂಪಾಗಿ ಹೋಗಿ ನೋಡಿ ಬರುತ್ತಿದ್ದರು. ಆಮೇಲೆ ಅದನ್ನು ಬಿಚ್ಚಿ ತಂದು ಹೊಸ ಕನ್ನಂಬಾಡಿಯಲ್ಲಿ ಕಟ್ಟಿದರು. ಈಗ ಭಾನುವಾರ ಅಲ್ಲಿ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ. ದೇವರೇನೋ ಮೇಲೆ ಬಂದ, ಆ ದೇವರ ಬೀದಿಯಲ್ಲಿ ಯಾರ ಮನೆ ಪಕ್ಕ ಯಾರ ಮನೆ ಇತ್ತು ಅನ್ನುವುದು ಇನ್ನೂ ಮೇಲೆ ಬಂದಿಲ್ಲ.

ನಮ್ಮ ಮನೆಯಲ್ಲಿ ಕನ್ನಂಬಾಡವ್ವನನ್ನು ಕಣ್ಣಾರೆ ಕಂಡವರಲ್ಲಿ ಸರಿಯಾಗಿ ನೆನಪಿರುವುದು ಒಬ್ಬರಿಗೇ. ಅಪ್ಪನ ಅಕ್ಕ, ನನ್ನ ಸೋದರತ್ತೆ. ವಯಸ್ಸು ಎಂಬತ್ತೆಂಟು. ವಂಶವೃಕ್ಷ ಬರೆಸುವಾಗ ಅತ್ತೆಯನ್ನು ಒಂದು ಮಾತು ಕೇಳಬೇಕು ಅಂತ ನಮಗೆ ಯಾರಿಗೂ ಹೊಳೆಯಲಿಲ್ಲ. ಅವರ ರುಜು ಬೇಕಿತ್ತು, ತೆಗೆದುಕೊಂಡು ಬಂದಿದ್ದೆವು. ಅಷ್ಟೇ.

ಅವರೆಕಾಯಿ ಕಾಲದಲ್ಲಿ ಅತ್ತೆಯ ಮನೆಗೆ ಹೋದೆ. ಮೊದಲ ದಿನ ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ ಎದುರಿಗೆ ಇಟ್ಟು "ಅತ್ತೆ, ಕನ್ನಂಬಾಡವ್ವನ ಬಗ್ಗೆ ಹೇಳಿ" ಅಂದೆ. ಅತ್ತೆ ಸೆರಗು ಸರಿ ಮಾಡಿಕೊಂಡರು, ತಲೆ ಸವರಿಕೊಂಡರು, ಫೋನನ್ನೇ ನೋಡುತ್ತಾ "ಏನ್ ಹೇಳನವ್ವ, ಒಳ್ಳೇವ್ಳು" ಅಂದು ಸುಮ್ಮನಾದರು. ಮುಗಿಯಿತು. ಮಾರನೇ ದಿನ ಫೋನನ್ನು ಮೊರದ ಕೆಳಗೆ ಹಾಕಿ, ಇಬ್ಬರೂ ಹಿದುಕಲು ಕೂತೆವು. ನೆನೆದ ಅವರೆಕಾಳು ಬೆರಳ ಸಂದಿಯಿಂದ ಪುಸಕ್ಕನೆ ಜಾರುತ್ತೆ, ಸಿಪ್ಪೆ ಕೈಯಲ್ಲೇ ಉಳಿಯುತ್ತೆ. ಕೈ ಕೆಲಸದಲ್ಲಿದ್ದರೆ ಬಾಯಿ ತಾನಾಗಿ ಬಿಚ್ಚಿಕೊಳ್ಳುತ್ತೆ. ಅತ್ತೆಯೇ ಶುರು ಮಾಡಿದರು. "ನಮ್ಮಜ್ಜಿ ಹಿದುಕುದ್ರೆ ಒಂದು ಸೇರು ಮುಗ್ಸೋಗಂಟ ತಲೆ ಎತ್ತಕಿಲ್ಲ." (ಫೋನ್ ಮೊರದ ಕೆಳಗಿದೆ ಅಂತ ಸಾಯಂಕಾಲ ಹೇಳಿದೆ. ಬೈದರು. ಆಮೇಲೆ ಹಾಕು ಕೇಳೋಣ ಅಂದರು. ಕೇಳಿ ಒಪ್ಪಿದ ಮೇಲೆಯೇ ಇಟ್ಟುಕೊಂಡಿದ್ದೇನೆ. ಹೇಳದೆ ಹಾಗೆ ಮಾಡಿದ್ದು ಸರಿಯಲ್ಲ, ನೀವು ಮಾಡಬೇಡಿ.)

ಆ ದಿನ ಬಂದ ಮಾತುಗಳಲ್ಲಿ ಒಂದು ಬೀಸುವ ಕಲ್ಲಿನ ಕತೆ ಇತ್ತು. ಕನ್ನಂಬಾಡಿ ಖಾಲಿ ಮಾಡುವಾಗ ಮುತ್ತಜ್ಜಿಯ ಅಣ್ಣತಮ್ಮಂದಿರು ಮನೆಯ ತೊಲೆ, ಬಾಗಿಲು, ಹೆಂಚು ಎಲ್ಲ ಬಿಚ್ಚಿ ಗಾಡಿಗೆ ಹೇರಿದರಂತೆ. ಬೀಸುವ ಕಲ್ಲನ್ನು ಭಾರ ಅಂತ ಅಲ್ಲೇ ಬಿಡಲು ಹೊರಟರು. ಆಗ ಅವರ ತಾಯಿ "ಬುಟ್ಟೋದ್ರೆ ನೀರೊಳ್ಗೆ ಯಾರ್ಲಾ ಬೀಸಾರು?" ಅಂತ ಗದರಿಸಿ, ಮಗಳ ಮನೆಗೆ ಕಳಿಸಿದರು. ಮೇಲಿನ ಕಲ್ಲು ಆಗಲೇ ಸೀಳು ಬಿಟ್ಟಿತ್ತು. ಸುತ್ತ ಕಬ್ಬಿಣದ ಪಟ್ಟಿ ಹೊಡೆಸಿದ್ದರು. ಆ ಪಟ್ಟಿ ಹೊಡೆದ ಕಲ್ಲು ಮೊನ್ನೆ ಮೊನ್ನೆಯವರೆಗೂ ನಮ್ಮ ಹಿತ್ತಲಿನಲ್ಲೇ ಇತ್ತು, ಸೀಬೆ ಮರದ ಕೆಳಗೆ. ನಾವು ಚಿಕ್ಕವರಿದ್ದಾಗ ಅದರ ಮೇಲೆ ಬಟ್ಟೆ ಒಗೆಯುತ್ತಿದ್ದೆವು. ಒಂದು ಊರಿನಿಂದ ಬಂದ ಒಂದೇ ಒಂದು ಸಾಮಾನಿನ ಮೇಲೆ ಸೋಪು ಉಜ್ಜುತ್ತಿದ್ದೆವು ಅಂತ ಗೊತ್ತಾಗಿದ್ದು ಈಗ.

ಇನ್ನೊಂದು ಮಾತು ನನ್ನನ್ನು ಎರಡು ವಾರ ದಾರಿ ತಪ್ಪಿಸಿತು. ಕನ್ನಂಬಾಡವ್ವನ ತವರಿನವರು ಮೂಲದಲ್ಲಿ ಕನ್ನಂಬಾಡಿಯವರಲ್ಲವಂತೆ. "ದಾತು ವರ್ಸದಾಗೆ ನಾಗಮಂಗ್ಲದ ಕಡೆಯಿಂದ ಹೊಟ್ಟೆಗಿಲ್ದೆ ಬಂದೋರು" ಅಂದರು ಅತ್ತೆ. ನಾನು ಪಂಚಾಂಗ ಹಿಡಿದು ಧಾತು ಸಂವತ್ಸರ ಹುಡುಕಿದೆ. 1936ಕ್ಕೆ ಬಂತು. ಅತ್ತೆ ಹುಟ್ಟಿದ್ದು ಅದರ ಮಾರನೇ ವರ್ಷ, ಈಶ್ವರ ಸಂವತ್ಸರದಲ್ಲಿ. ಸರಿ ಹೋಯಿತು ಅಂದುಕೊಂಡು ಬರೆದಿಟ್ಟೆ. ಎಷ್ಟೋ ದಿನ ಆದ ಮೇಲೆ ತಲೆಗೆ ಹೋಯಿತು. 1936ರಲ್ಲಿ ಹಳೇ ಕನ್ನಂಬಾಡಿ ಎಲ್ಲಿತ್ತು? ನೀರಿನ ಕೆಳಗೆ! ಮುಳುಗಿದ ಊರಿಗೆ ಯಾರು ವಲಸೆ ಬರುತ್ತಾರೆ? ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತೆ ಅಲ್ವಾ. ಒಂದು ಸುತ್ತು ಹಿಂದಕ್ಕೆ ಹೋದರೆ 1876. ಧಾತು, ಈಶ್ವರ ಎರಡೂ ವರ್ಷ ಮೈಸೂರು ಸೀಮೆಯನ್ನು ಸುಟ್ಟ ಮಹಾ ಬರ. 1871ರ ಖಾನೇಷುಮಾರಿಯಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರ ಹೊತ್ತಿಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಅಂದರೆ ಅತ್ತೆ ಹೇಳಿದ್ದು ತಾವು ಹುಟ್ಟುವುದಕ್ಕೆ ಅರವತ್ತು ವರ್ಷ ಹಿಂದಿನ ಮಾತು. ಅಜ್ಜಿಯ ಬಾಯಿಂದ ಕೇಳಿದ್ದು, ಆ ಅಜ್ಜಿಯೂ ತನ್ನ ಅಜ್ಜಿಯ ಬಾಯಿಂದ ಕೇಳಿದ್ದು. ಒಂದಕ್ಷರ ಓದದ ಮೂವರು ಹೆಂಗಸರು ಒಂದು ವರ್ಷದ ಹೆಸರನ್ನು ನೂರೈವತ್ತು ವರ್ಷ ಕೆಡದಂತೆ ಕಾಪಾಡಿದ್ದಾರೆ. ಶಾಲೆಗೆ ಹೋದ ನಮ್ಮ ಅಪ್ಪ, ಇಬ್ಬರು ಚಿಕ್ಕಪ್ಪಂದಿರು, ಎಲ್ಲರೂ ಹುಟ್ಟಿದ್ದು ಜೂನ್ 1ನೇ ತಾರೀಖು. ಯಾಕೆ ಅಂತ ನಿಮಗೂ ಗೊತ್ತು, ಮೇಷ್ಟ್ರು ಬರೆದುಕೊಂಡಿದ್ದು.

ಇಷ್ಟೆಲ್ಲ ಹೇಳಿದ ಅತ್ತೆಗೂ ಹೆಸರು ಗೊತ್ತಿಲ್ಲ. "ಅಜ್ಜಿನ ಹೆಸ್ರಿಡ್ದು ಕರೆಯಕಾಯ್ತದಾ?" ಅಂತ ನನ್ನನ್ನೇ ಕೇಳಿದರು. ಪಿತೃಪಕ್ಷದಲ್ಲಿ ಎಡೆ ಇಟ್ಟಾಗ ಅತ್ತೆ ಒಬ್ಬೊಬ್ಬರನ್ನೇ ಕೂಗಿ ಕರೆಯುತ್ತಾರೆ. ಗಂಡಸರನ್ನು ಹೆಸರು ಹಿಡಿದು ಕರೆಯುತ್ತಾರೆ. ಮುದ್ದೆ, ಬಾಡಿನ ಸಾರು, ಕಜ್ಜಾಯದ ಪಕ್ಕದಲ್ಲಿ ಒಂದು ಚಿಟಿಕೆ ಕಡ್ಡಿಪುಡಿ ಇಡುತ್ತಾರೆ. ಅದು ಮುತ್ತಜ್ಜಿಗೆ. "ಕನ್ನಂಬಾಡವ್ವ, ಬಾ ತಾಯಿ" ಅನ್ನುತ್ತಾರೆ. ಸತ್ತ ಮೇಲೂ ಅವಳು ಊರ ಹೆಸರಿನಲ್ಲೇ ಬಂದು ಉಂಡು ಹೋಗುತ್ತಿದ್ದಾಳೆ.

ಇನ್ನು ಕಾಗದ. ಮುತ್ತಜ್ಜಿ ತೀರಿಕೊಂಡಿದ್ದು 1960ರ ಆಸುಪಾಸು. ಜನನ ಮರಣ ನೋಂದಣಿ ಕಾಯಿದೆ ಬಂದಿದ್ದು 1969ರಲ್ಲಿ. ಅದಕ್ಕೂ ಮೊದಲೇ ನಮ್ಮ ಸೀಮೆಯಲ್ಲಿ ಊರಿನ ಪಟೇಲರು ಸಾವು ಹುಟ್ಟು ಬರೆಸುತ್ತಿದ್ದರು. ಆ ರಿಜಿಸ್ಟರ್ ಇದ್ದರೆ ಹೆಸರು ಸಿಗಬಹುದು ಅಂತ ಒಂದು ಕಚೇರಿಗೆ ಹೋದೆ. ಹಳೇ ಪುಸ್ತಕ ಇವೆ ಅಂದರು. ಖುಷಿಯಾಯಿತು. ಅರ್ಜಿ ಕೊಟ್ಟರು. ಅರ್ಜಿಯ ಮೊದಲ ಸಾಲು: ಮೃತರ ಹೆಸರು.

"ಹೆಸರು ಗೊತ್ತಿಲ್ಲ. ಅದನ್ನು ಹುಡುಕೋಕೇ ಬಂದಿದ್ದೇನೆ" ಅಂದೆ.

"ಹೆಸರು ಇಲ್ಲದೆ ಹೇಗೆ ಹುಡುಕೋದಮ್ಮ? ಹೆಸರು, ತಾರೀಖು ಎರಡೂ ತಂದರೆ ತೆಗೆದು ಕೊಡ್ತೀವಿ."

ನಾನೇ ಕೂತು ನಮ್ಮೂರಿನ ಪುಟಗಳನ್ನು ನೋಡುತ್ತೇನೆ ಅಂದರೆ ಹಾಗೆ ಕೊಡುವುದಕ್ಕೆ ಅವಕಾಶ ಇಲ್ಲವಂತೆ. ಬಸ್ಸಿನಲ್ಲಿ ವಾಪಸ್ ಬರುವಾಗ ನಗು ಬಂತು. ಬಾವಿಗೆ ಬಿದ್ದ ಬಿಂದಿಗೆ ಎತ್ತಲು ಪಾತಾಳಗರಡಿ ಕೇಳಿದರೆ, ಮೊದಲು ಆ ಬಿಂದಿಗೆ ತಂದು ತೋರಿಸು ಅಂದ ಹಾಗಾಯಿತು.

ಸ್ವಾಮಿ, ನನ್ನ ಮೊದಲ ಬೇಡಿಕೆ ಇದೇ. ಭೂ ಸುರಕ್ಷಾ ಯೋಜನೆಯಲ್ಲಿ ತಾಲ್ಲೂಕು ಕಚೇರಿಗಳ ರೆಕಾರ್ಡ್ ರೂಮಿನ ಹಳೇ ಕಾಗದಗಳನ್ನು ಸ್ಕ್ಯಾನ್ ಮಾಡಿಸುತ್ತಿದ್ದೀರಿ. ದೊಡ್ಡ ಕೆಲಸ. ಗೆದ್ದಲು ತಿನ್ನುವ ಮೊದಲು ಆಗಲೇಬೇಕಿತ್ತು. ಆದರೆ ಅದು ಜಮೀನಿನ ಲೆಕ್ಕ, ಸರ್ವೆ ನಂಬರ್ ಹಿಡಿದು ಹುಡುಕುವ ಲೆಕ್ಕ. ಜಮೀನು ಇದ್ದವನಿಗೆ ಸರಿ. ಜಮೀನೇ ಇಲ್ಲದ ಕೂಲಿಯವರ ಮನೆತನ ಯಾವ ನಂಬರಿನಲ್ಲಿ ಸಿಗುತ್ತೆ? ಮುಳುಗಿದ ಊರಿನ ಸರ್ವೆ ನಂಬರ್ ಯಾರ ಬಾಯಲ್ಲಿದೆ? ಜೊತೆಯಲ್ಲೇ ಹಳೇ ಸಾವು ಹುಟ್ಟಿನ ಪುಸ್ತಕ, ಸರ್ಕಾರಿ ಶಾಲೆಗಳ ದಾಖಲಾತಿ ಪುಸ್ತಕ, ಇವನ್ನೂ ಸ್ಕ್ಯಾನ್ ಮಾಡಿಸಿ. ಊರುವಾರು, ವರ್ಷವಾರು ಪುಟ ತಿರುಗಿಸಿ ನೋಡುವ ಹಾಗೆ ಇಡಿ. ಈಗಿರುವವರ ವಿವರ ಗುಟ್ಟಾಗಿರಲಿ, ಅದು ನ್ಯಾಯ. ಎಪ್ಪತ್ತು, ಎಂಬತ್ತು ವರ್ಷ ದಾಟಿದ ಪುಟಗಳಿಗೆ ಏನು ಗುಟ್ಟು? ಜನಗಣತಿಯಲ್ಲಿ ನೋಡಿ ಅಂತ ಕೆಲವರು ಹೇಳಿದರು. 1948ರ ಕಾಯಿದೆ ಪ್ರಕಾರ ಅದರ ಮನೆ ಮನೆಯ ವಿವರವನ್ನು ಯಾರಿಗೂ ತೋರಿಸುವ ಹಾಗಿಲ್ಲ. ಹಾಗಾಗಿ ನಮ್ಮಂಥವರಿಗೆ ಉಳಿದಿರುವುದು ಈ ಪುಸ್ತಕಗಳೇ.

ಹುಡುಕುವವರಿಗೆ ಇನ್ನೊಂದು ತೊಡಕಿದೆ, ಅದನ್ನೂ ನೀವು ಸುಲಭವಾಗಿ ಬಿಡಿಸಬಹುದು. ಮಂಡ್ಯ ಜಿಲ್ಲೆ ಆಗಿದ್ದೇ 1939ರ ಜುಲೈ 1ರಂದು. ಅದಕ್ಕೆ ಮೊದಲು ನಾವೆಲ್ಲ ಮೈಸೂರು ಜಿಲ್ಲೆ. ಪಾಂಡವಪುರ ಅಂತ ಹುಡುಕಿದರೆ ಹಳೇ ಕಾಗದದಲ್ಲಿ ಸಿಗುವುದಿಲ್ಲ, ಅಲ್ಲಿ ಫ್ರೆಂಚ್ ರಾಕ್ಸ್ ಅಂತ ಇರುತ್ತೆ. ಊರ ಹಿರಿಯರ ಬಾಯಲ್ಲಿ ಅದು ಹಿರೋಡೆ. ಕೃಷ್ಣರಾಜಪೇಟೆ ಹಿಂದೆ ಅತ್ತಿಗುಪ್ಪೆ. ಮಂಡ್ಯದಲ್ಲಿ ಹುಡುಕಿ ಕೈ ಚೆಲ್ಲಿದವರ ಕಾಗದ ಮೈಸೂರಿನ ವಿಭಾಗೀಯ ಪತ್ರಾಗಾರದಲ್ಲಿ ಇರಬಹುದು. ಹಳೇ ಹೆಸರು ಒಂದು ಕಡೆ, ಹೊಸ ಹೆಸರು ಒಂದು ಕಡೆ, ಕಾಗದ ಎಲ್ಲಿದೆ ಅಂತ ಪಕ್ಕದಲ್ಲಿ ಬರೆದು ಒಂದು ಪಟ್ಟಿ ಮಾಡಿ ತಾಲ್ಲೂಕು ಕಚೇರಿಯ ಗೋಡೆಗೆ ಅಂಟಿಸಿ. ಖರ್ಚು ಒಂದು ಹಾಳೆ. ಮುಳುಗಡೆ ಊರುಗಳ ಮನೆಪಟ್ಟಿ, ಪರಿಹಾರ ಕೊಟ್ಟ ಲೆಕ್ಕ, ಇವು ಯಾವ ಬೀರುವಿನಲ್ಲಿದ್ದರೂ ಒಂದು ಕಡೆ ತಂದು ಪ್ರಕಟಿಸಿ. ಕಟ್ಟೆ ಕಟ್ಟಿದವರ ಹೆಸರು ಕಲ್ಲಿನ ಮೇಲಿದೆ. ಬಿಟ್ಟುಕೊಟ್ಟವರ ಹೆಸರು ಕಾಗದದ ಮೇಲಾದರೂ ಓದಲು ಸಿಗಲಿ.

ಎರಡನೆಯದು ವಂಶವೃಕ್ಷದ ನಮೂನೆ. ಅದು ಯಾವಾಗಲೂ ಕೆಳಗೆ ನೋಡುತ್ತೆ, ಸತ್ತವರಿಂದ ಪಾಲುದಾರರ ಕಡೆಗೆ. 2005ರ ಕಾಯಿದೆ ತಿದ್ದುಪಡಿ ಆದ ಮೇಲೆ ಹೆಣ್ಣುಮಕ್ಕಳ ಹೆಸರು ಬಿಡುವುದು ಕಷ್ಟವಾಗಿದೆ, ನನ್ನ ಹೆಸರೂ ಬಂದಿದೆ, ಸಂತೋಷ. ಆದರೆ ಸೊಸೆಯಾಗಿ ಬಂದವರು ಎಲ್ಲಿಂದ ಬಂದರು ಅನ್ನುವುದಕ್ಕೆ ಅಲ್ಲಿ ಜಾಗವಿಲ್ಲ. ನಮ್ಮ ಕಂದಾಯದ ಕಾಗದಗಳಲ್ಲಿ ಗಂಡಸಿನ ಹೆಸರಿನ ಮುಂದೆ ಬಿನ್, ಹೆಂಗಸಿನ ಹೆಸರಿನ ಮುಂದೆ ಕೋಂ. ಬಿನ್ ಅಂದರೆ ಇಂಥವರ ಮಗ, ಕೋಂ ಅಂದರೆ ಇಂಥವರ ಹೆಂಡತಿ. ಹೆಂಡತಿಯಾಗುವ ಮೊದಲು ಅವಳು ಯಾರ ಮಗಳು, ಯಾವ ಊರು? ಒಂದೇ ಒಂದು ಕಾಲಂ ಸೇರಿಸಿ: ತವರೂರು. ಊರಿನಲ್ಲಿ ಕರೆಯುತ್ತಿದ್ದ ಹೆಸರಿಗೂ ಜಾಗ ಕೊಡಿ. ಹೆಸರು ಗೊತ್ತಿಲ್ಲದಿದ್ದರೆ 'ತಿಳಿದಿಲ್ಲ' ಅಂತ ಬರೆಯಲು ಬಿಡಿ, ಅರ್ಜಿ ವಾಪಸ್ ಕಳಿಸಬೇಡಿ. ಆಮೇಲೆ ತಿಳಿದರೆ ತಿದ್ದಲು ಸುಲಭದ ದಾರಿ ಇರಲಿ. ಖಾಲಿ ಚೌಕ ನಾಳೆ ಯಾರಾದರೂ ತುಂಬಬಹುದು. ಲಕ್ಷ್ಮಮ್ಮ ಅಂತ ತುಂಬಿದ ಚೌಕದ ಕಡೆ ಯಾರೂ ತಿರುಗಿಯೂ ನೋಡುವುದಿಲ್ಲ.

ಇಷ್ಟು ಸರ್ಕಾರಕ್ಕೆ. ಮಿಕ್ಕಿದ್ದು ನಮ್ಮ ನಮ್ಮಲ್ಲಿ.

ಹಳೇ ಶಾನುಭೋಗರ ಮನೆತನದವರಿಗೆ ಒಂದು ಮಾತು. ಗ್ರಾಮ ಹುದ್ದೆಗಳನ್ನು ರದ್ದು ಮಾಡುವ ಕಾಯಿದೆ ಬಂದಿದ್ದು 1961ರಲ್ಲಿ. ಅಲ್ಲಿಯವರೆಗೆ ಊರಿನ ಲೆಕ್ಕ ನಿಮ್ಮ ಹಿರಿಯರ ಕೈಯಲ್ಲಿತ್ತು. ನಿಮ್ಮ ಅಟ್ಟದ ಮೇಲೆ ಕಪ್ಪು ಬಟ್ಟೆಯ ಮಡಿಕೆ ಮಡಿಕೆ ಪುಸ್ತಕ ಏನಾದರೂ ಇದೆಯಾ ನೋಡಿ. ಈಗ ಕಚೇರಿಯ ಫೈಲಿಗೆಲ್ಲ ಕಡತ ಅನ್ನುತ್ತೇವಲ್ಲ, ನಿಜವಾದ ಕಡತ ಅದು. ಬಟ್ಟೆಗೆ ಹುಣಸೇಬೀಜದ ಸರಿ, ಇದ್ದಿಲ ಪುಡಿ ಬಳಿದು ಒಣಗಿಸಿ, ಬಳಪದಲ್ಲಿ ಬರೆಯುತ್ತಿದ್ದರು. ಪರಿಚಯದವರ ಮನೆಯಲ್ಲಿ ಒಂದನ್ನು ನೋಡಿದ್ದೇನೆ. ಬಿಚ್ಚಿದರೆ ಜಗಲಿ ಉದ್ದಕ್ಕೂ ಬಂತು. ಮೂಲೆಯಲ್ಲಿ ಯಾರದೋ ಒದ್ದೆ ಬೆರಳು ತಾಗಿ ನಾಲ್ಕು ಅಕ್ಷರ ಹೋಗಿದ್ದವು. ಬಳಪ ಅಲ್ವಾ, ಒರೆಸಿದರೆ ಹೋಗುತ್ತೆ. ದಯವಿಟ್ಟು ಧೂಳು ಹೊಡೆಯಲು ಒದ್ದೆ ಬಟ್ಟೆ ಹಾಕಬೇಡಿ. ಹಗಲು ಬೆಳಕಿನಲ್ಲಿ ಫೋಟೋ ತೆಗೆದಿಡಿ. ಓದಲು ಬಾರದಿದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ ಇದೆ, ಅದೇ ಊರಿನಲ್ಲಿ 1891ರಲ್ಲಿ ಶುರುವಾದ ಪ್ರಾಚ್ಯವಿದ್ಯಾ ಸಂಶೋಧನಾಲಯ ಇದೆ. ಹಳೇ ಬರವಣಿಗೆ ಗೊತ್ತಿರುವವರು ಮೈಸೂರಿನಲ್ಲಿ ಇನ್ನೂ ಇದ್ದಾರೆ.

ಮನೆ ಮನೆಗೆ ಬಂದು ವಂಶಾವಳಿ ಹೇಳುವ ಹೆಳವರ ವಿಷಯ ಹೇಳದಿದ್ದರೆ ಈ ಪತ್ರ ಅರ್ಧ. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು ಹೆಳವಯ್ಯ ಬರುತ್ತಿದ್ದನಂತೆ, ಕಾಲಿನ ಮೇಲೆ ಕಂಬಳಿ, ಕೈಯಲ್ಲಿ ಗಂಟೆ. ಅಂಗಳದಲ್ಲಿ ನಿಂತು ನಮ್ಮ ಮನೆಯ ಏಳು ತಲೆಮಾರು ಒಂದೇ ಉಸಿರಿಗೆ ಹೇಳುತ್ತಿದ್ದ. ವರ್ಷದೊಳಗೆ ಹುಟ್ಟಿದ ಮಗುವಿನ ಹೆಸರು ಕೇಳಿ ಸೇರಿಸಿಕೊಂಡು, ರಾಗಿ ತೆಗೆದುಕೊಂಡು, ಮುಂದಿನ ಮನೆಗೆ. ಒಂದು ವರ್ಷ ನಮ್ಮ ಮುತ್ತಾತ ಕರು ಕೊಟ್ಟಿದ್ದರಂತೆ. ಆಮೇಲೆ ಯಾರೋ ಬುದ್ಧಿವಂತರು "ದುಡಿದು ತಿನ್ನಕೇನು ರೋಗ" ಅಂದರು. ಹೆಳವಯ್ಯ ಮತ್ತೆ ನಮ್ಮ ಬೀದಿಗೆ ಬರಲಿಲ್ಲ. ನಮ್ಮ ವಂಶ ಬರೆದಿಟ್ಟುಕೊಂಡಿದ್ದವನನ್ನು ಭಿಕ್ಷುಕ ಅಂತ ಅಟ್ಟಿ, ಈಗ ವಂಶವೃಕ್ಷಕ್ಕೆ ಸಾಲು ನಿಂತಿದ್ದೇವೆ. ಹೆಳವರ ಮನೆಗಳಲ್ಲಿ ಆ ಪುಸ್ತಕ ಉಳಿದಿದ್ದರೆ, ಅವರು ಒಪ್ಪಿದರೆ, ಅವರ ಕೆಲಸಕ್ಕೆ ತಕ್ಕ ದುಡ್ಡು ಕೊಟ್ಟು ನಕಲು ಮಾಡಿಸಿಕೊಳ್ಳಬೇಕು. ಸುಮ್ನೆ ಕೇಳುವುದಲ್ಲ.

ಒಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ. ನಾನು ಹುಡುಕುತ್ತಿದ್ದೇನೆ ಅಂತ ಗೊತ್ತಾದ ತಕ್ಷಣ ನೆಂಟರೊಬ್ಬರು ಫೋನ್ ಮಾಡಿ, ನಾವು ಯಾವುದೋ ದಳವಾಯಿಯ ವಂಶದವರು, ಹಾಗೇ ಬರಿ ಅಂದರು. ಆಧಾರ ಏನು ಅಂದರೆ "ನಮ್ಮ ಮೂಗು ನೋಡು" ಅಂದರು. ಬರ ಬಂದು ಹೊಟ್ಟೆಗಿಲ್ಲದೆ ಊರು ಬಿಟ್ಟವರು ಅಂತ ಅತ್ತೆ ಹೇಳಿದ್ದನ್ನು ತೆಗೆದುಹಾಕು, ಮದುವೆ ಸಂಬಂಧಕ್ಕೆ ತೊಂದರೆ ಅಂದರು. ತೆಗೆದಿಲ್ಲ.

ಈಗ ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಅರಿವು ಕೇಂದ್ರ ಅಂತ ಗ್ರಂಥಾಲಯಗಳಿವೆ. ಕೆಲವು ಕಡೆ ಕಂಪ್ಯೂಟರೂ ಇದೆ. ಊರಿನ ಹಿರಿಯರ ಮಾತನ್ನು ರೆಕಾರ್ಡ್ ಮಾಡಿ ಇಡಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಪಿ.ಯು. ಓದುವ ಮಕ್ಕಳು ಮಾಡಬಲ್ಲ ಕೆಲಸ. ಶುರುವಿನಲ್ಲಿ ಯಾರು, ಯಾವ ಊರು, ಯಾವ ತಾರೀಖು ಅಂತ ಬಾಯಲ್ಲಿ ಹೇಳಿಬಿಟ್ಟರೆ ಮುಂದೆ ಗೊಂದಲ ಇರುವುದಿಲ್ಲ. ತಾರೀಖು ಕೇಳಿದರೆ ನಮ್ಮ ಅಜ್ಜಿಯರಿಗೆ ಹೇಳಲು ಬರುವುದಿಲ್ಲ. ನಾಲೆಗೆ ನೀರು ಬಿಟ್ಟಾಗ ನಿಮಗೆ ಎಷ್ಟು ವಯಸ್ಸು, ಶಿವಪುರದಲ್ಲಿ ಬಾವುಟ ಹಾರಿಸಿದಾಗ ನಿಮ್ಮ ಮನೆಯಿಂದ ಯಾರು ಹೋಗಿದ್ದರು, ಗಾಂಧಿ ಸತ್ತ ಸುದ್ದಿ ಬಂದಾಗ ಏನು ಮಾಡುತ್ತಿದ್ದಿರಿ ಅಂತ ಕೇಳಿ. ವರ್ಷ ತಾನಾಗಿ ಬರುತ್ತೆ. ಭಾರತದಲ್ಲಿ ರೇಡಿಯೋಗೆ ಆಕಾಶವಾಣಿ ಅಂತ ಹೆಸರು ಕೊಟ್ಟ ಊರು ಮೈಸೂರು. 1935ರಲ್ಲಿ ಒಬ್ಬ ಮೇಷ್ಟ್ರು, ಎಂ.ವಿ. ಗೋಪಾಲಸ್ವಾಮಿಯವರು, ಮನೆಯಲ್ಲೇ ನಿಲಯ ಶುರು ಮಾಡಿದ್ದರು. ಇವತ್ತು ಅದಕ್ಕಿಂತ ಒಳ್ಳೆಯ ಯಂತ್ರ ಎಲ್ಲರ ಜೇಬಿನಲ್ಲಿದೆ.

ಕೊನೆಗೆ ಕನ್ನಂಬಾಡಿಯಿಂದ ಎದ್ದು ಬಂದ ಮನೆಗಳವರಿಗೆ. ಬೇರೆ ಯಾರೂ ಉತ್ತರ ಕೊಡಲಾರದ ಪ್ರಶ್ನೆ ಇದು. ನಿಮ್ಮ ಮನೆಯಲ್ಲಿ, ಸುಮಾರು 1905ರಿಂದ 1910ರ ನಡುವೆ, ಮೂಡಲ ಕಡೆಯ ಊರಿಗೆ ಕೊಟ್ಟ ಒಬ್ಬ ಮಗಳ ಮಾತು ಯಾವಾಗಲಾದರೂ ಬಂದಿದೆಯಾ? ಅವಳ ತವರಿನವರು ಧಾತು ಬರದಲ್ಲಿ ನಾಗಮಂಗಲದ ಕಡೆಯಿಂದ ಬಂದವರು. ಅಣ್ಣತಮ್ಮಂದಿರು ಇಬ್ಬರಿಗಿಂತ ಜಾಸ್ತಿ. ಕಡ್ಡಿಪುಡಿ ಹಾಕುತ್ತಿದ್ದವಳು. ಕಬ್ಬಿಣದ ಪಟ್ಟಿ ಹೊಡೆದ ಬೀಸುವ ಕಲ್ಲನ್ನು ಮಗಳ ಮನೆಗೆ ಕಳಿಸಿದ ಕತೆ ನಿಮ್ಮ ಅಜ್ಜಿಯರು ಹೇಳಿದ್ದು ನೆನಪಿದ್ದರೆ, ನೀವು ನಮ್ಮ ನೆಂಟರು. ನೀವು ಅವಳನ್ನು ಕನ್ನಂಬಾಡವ್ವ ಅಂತ ಕರೆದಿರಲು ಸಾಧ್ಯವಿಲ್ಲ. ತವರಿನಲ್ಲಿ ಅವಳಿಗೆ ಹೆಸರಿತ್ತು. ಅದು ನಿಮ್ಮ ಕಡೆ ಯಾರಿಗಾದರೂ ಗೊತ್ತಿದ್ದರೆ ಹೇಳಿ. ಅತ್ತೆ ಈ ಪಿತೃಪಕ್ಷಕ್ಕೆ ಇರುತ್ತಾರೆ ಅಂದುಕೊಂಡಿದ್ದೇನೆ. ಕಲ್ಲನ್ನು ತೊಳೆದು ಒಳಗೆ ಇಟ್ಟಿದ್ದೇವೆ, ಬಂದರೆ ನೋಡಬಹುದು.

ಇಂತಿ,
ಕನ್ನಂಬಾಡವ್ವನ ಮರಿಮಗಳು